ದಿವಂಗತ ಸಾರ್ಜೆಂಟರನ್ನು ಬೈಯಲು ಅನುಮತಿ ಕೋರಿ

ನಮ್ಮ ಸೀಮೆಯಲ್ಲಿ ಸತ್ತವರನ್ನು ಬೈಯದೆ ಹೂಳುವ ಪದ್ಧತಿ ಇಲ್ಲ. ಇದು ಕಾನೂನಲ್ಲ, ಕಾನೂನಿಗಿಂತ ಹಳೆಯದು. ಆದಕಾರಣ ಆಂತರಿಕ ಭದ್ರತಾ ದಳದ ಕೊಯೆರಿ ತುಕಡಿಯ ಸಾರ್ಜೆಂಟ್ ಬಾರ್ನಬೆ ಪಾರೆಯವರು ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ, ಕರ್ತವ್ಯದ ಮೇಲಿರುವಾಗ, ಹೆದ್ದಾರಿ ತಪಾಸಣಾ ಗೇಟಿನ ಹಗ್ಗ ಕೈಯಲ್ಲಿ ಹಿಡಿದಂತೆಯೇ ನಿಧನರಾದಾಗ, ಅವರನ್ನು ಬೈಯತಕ್ಕವರು ಯಾರು, ಯಾವ ನಮೂನೆಯಲ್ಲಿ, ಯಾರ ಮಂಜೂರಾತಿಯಿಂದ ಎಂಬ ಪ್ರಶ್ನೆ ಉದ್ಭವಿಸಿತು. ಉತ್ತರ ಸಿಗಲು ಐದು ದಿನ ಹಿಡಿಯಿತು. ಆ ಐದು ದಿನವೂ ಸಾರ್ಜೆಂಟರು ಮಿಷನ್ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಮೀನು ವ್ಯಾಪಾರಿಯಿಂದ ತಂದ ಮಂಜುಗಡ್ಡೆಯ ಮೇಲೆ ಮಲಗಿದ್ದರು.

ಈ ವರದಿ ಬರೆಯುತ್ತಿರುವವನು ಸದರಿ ತುಕಡಿಯ ಗುಮಾಸ್ತ, ಕಾರ್ಪೊರಲ್ ನಿಕಿಯೆಮಾ. ನಾನು ಮೊಸ್ಸಿ ಜನದವನು, ಪಾರೆ ಸಾಮೋ ಜನದವರು. ಮೊಸ್ಸಿಗೂ ಸಾಮೋಗೂ ರಕಿರೆ ಇದೆ, ಎಂದರೆ ಗೇಲಿಯ ನಂಟು. ಎಷ್ಟು ತಲೆಮಾರಿನದು ಎಂದು ಯಾರಿಗೂ ಗೊತ್ತಿಲ್ಲ. ಸಾಮೋ ಎದುರಾದರೆ ಮೊಸ್ಸಿಯವನು ಅವನನ್ನು ತನ್ನ ಆಳು ಎನ್ನಬೇಕು, ಅವನು ತಿರುಗಿಸಿ ಅದನ್ನೇ ಎನ್ನಬೇಕು. ಮನೆಗೆ ನುಗ್ಗಿ ತಟ್ಟೆಯಲ್ಲಿದ್ದ ಮುದ್ದೆ ಕಿತ್ತು ತಿನ್ನಬಹುದು. ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಮಾಡಿಕೊಂಡವನ ಮನೆಗೆ ಹೆಣ್ಣು ಕೊಡುವುದಿಲ್ಲ. ಸತ್ತಾಗ ಬಂದು, ಸತ್ತವನ ಬಟ್ಟೆ ಹಾಕಿಕೊಂಡು, ಅವನ ನಡಿಗೆ ನಡೆದು, ಅವನ ಹಾಗೇ ಕೆಮ್ಮಿ, ಕೊನೆಗೆ ಗುಂಡಿಗೆ ಇಳಿದು 'ಇವನನ್ನ ಒಳಗೆ ಬಿಡಲ್ಲ' ಎಂದು ಹಟ ಹಿಡಿದು ಕೂರಬೇಕಾದವರೂ ಗೇಲಿನಂಟರೇ. ಕೋಲಾ ಕಾಯಿ ಕೊಟ್ಟು ಅವರನ್ನು ಏಳಿಸಬೇಕು. ಇಷ್ಟೂ ಆಗದಿದ್ದರೆ ಸತ್ತವನು ಅನಾಥನಾಗಿ ಹೋದ ಎಂದೇ ಲೆಕ್ಕ.

ಹನ್ನೊಂದು ತಿಂಗಳ ಹಿಂದಿನವರೆಗೆ ಇದಕ್ಕೆಲ್ಲ ನಮೂನೆ ಇರಲಿಲ್ಲ. ಆಗ ರಾಜಧಾನಿಯಿಂದ ಕಮಾಂಡೆಂಟ್ ಡಬಿರೆಯವರು ವರ್ಗವಾಗಿ ಬಂದರು. ದಕ್ಷಿಣದ ದಗಾರಾ ಜನದವರು, ಪರದೇಶದಲ್ಲಿ ತರಬೇತಿ ಆದವರು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ಬಂದ ದಿನವೇ ಹೆದ್ದಾರಿಯ ಗೇಟು ನೋಡಲು ಹೊರಟರು. ನಾನೂ ಕಡತ ಹಿಡಿದುಕೊಂಡು ಹಿಂದೆ ಹೋದೆ. ಸರಿಯಾಗಿ ಆ ಹೊತ್ತಿಗೇ ಪೊಕೊ ಅಜ್ಜಿಯ ಕತ್ತೆಗಾಡಿ ಬರಬೇಕೇ.

ಪೊಕೊ ಅಜ್ಜಿ ಮೊಸ್ಸಿ ಮುದುಕಿ. ಸಾರಿಗೆ ಹಾಕುವ ಸುಂಬಲಾ ಉಂಡೆ ಮಾರುತ್ತಾಳೆ. ಉಂಡೆಯ ವಾಸನೆ ಮೊದಲು ಬರುತ್ತದೆ, ಆಮೇಲೆ ಕತ್ತೆ, ಆಮೇಲೆ ಅವಳು.

"ಏ ನನ್ನ ಆಳೇ, ಎದ್ದೇಳೋ," ಎಂದಳು ಗಾಡಿಯ ಮೇಲಿಂದಲೇ. "ನಿಮ್ಮ ತಾತನ್ನ ನಮ್ಮ ತಾತ ಎರಡು ಬೊಗಸೆ ಶೇಂಗಾಕ್ಕೆ ಕೊಂಡಿದ್ದು. ಶೇಂಗಾಕ್ಕೂ ಹುಳ ಹಿಡಿದಿತ್ತು. ಎತ್ತು ಗೇಟು."

"ಮುದುಕಿ, ನಿನ್ನ ಜೊತೆ ಬರೋದಕ್ಕೆ ನಿನ್ನ ಕತ್ತೆಗೇ ನಾಚಿಕೆ. ನೋಡು, ತಲೆ ಬಗ್ಗಿಸಿಕೊಂಡಿದೆ," ಎಂದರು ಪಾರೆ. ಪ್ಯಾಂಟು ಮೇಲೆಳೆದು ಎರಡು ಸಲ ಕೆಮ್ಮಿದರು. "ಕಾಗದ ತೋರ್ಸು."

"ಕಾಗದ ತಗೊಂಡು ನೀನೇನ್ ಮಾಡ್ತೀಯ? ನಾಯಿತಲೆ ತಿನ್ನೋ ನಿಮ್ಮ ಸಾಮೋಗಳಿಗೆ ಅಕ್ಷರ ಹತ್ತಲ್ಲ."

ಇಷ್ಟು ಹೇಳಿ ಸೌಟಿನಿಂದ ಸಾರ್ಜೆಂಟರ ಟೋಪಿ ಕೆಡವಿದಳು. ಸಾರ್ಜೆಂಟರು ಟೋಪಿ ಹೆಕ್ಕಿ, ಧೂಳು ಕೊಡವಿ, ಹಗ್ಗ ಎಳೆದು ಗೇಟು ಎತ್ತಿದರು. ವಾರಕ್ಕೆರಡು ಸಂತೆಯಂತೆ ಇಪ್ಪತ್ತೆರಡು ವರ್ಷ ನಡೆದುಕೊಂಡು ಬಂದದ್ದು ಇಷ್ಟೇ.

ಕಮಾಂಡೆಂಟರ ಮುಖ ಹೇಗಾಯಿತೆಂದು ದಾಖಲಿಸಲು ನನಗೆ ಅಧಿಕಾರವಿಲ್ಲ. "ತಪಾಸಣೆ ಎಲ್ಲಿ ಆಯ್ತು?" ಎಂದು ಕೇಳಿದರು.

"ಆಯ್ತಲ್ಲ ಸರ್," ಎಂದರು ಪಾರೆ.

ಅದು ನಿಜವೇ ಆಗಿತ್ತು. ಈ ಸೀಮೆಯಲ್ಲಿ ಯಾರ ಗೇಲಿನಂಟರು ಯಾರು, ಯಾರನ್ನು ಏನೆಂದು ಬೈಯಬೇಕು ಎಂಬುದು ಹಾಲುಹಲ್ಲು ಬೀಳುವ ಮೊದಲೇ ಬಾಯಿಗೆ ಬಂದಿರುತ್ತದೆ. ಬೈಯಲು ಬಾರದವನು ಊರಿನವನಲ್ಲ. ಮೂರು ವರ್ಷದ ಹಿಂದೆ ಬಂದೂಕು ಬಚ್ಚಿಟ್ಟುಕೊಂಡು ಬಂದ ನಾಲ್ವರು ದರೋಡೆಕೋರರನ್ನು ಪಾರೆ ಒಬ್ಬರೇ ಹಿಡಿದದ್ದು ಹೇಗೆ? ಅವರು 'ನಮಸ್ಕಾರ ಸರ್' ಎಂದಿದ್ದರು. ಅಷ್ಟು ಸಾಕಾಯಿತು.

ಇದನ್ನೆಲ್ಲ ನಾನು ಟಿಪ್ಪಣಿಯಾಗಿ ಬರೆದು ಮಂಡಿಸಿದೆ. ಕಮಾಂಡೆಂಟರು 'ನೋಡಿದೆ' ಎಂದು ಷರಾ ಬರೆದು, ಮರುದಿನ ಸುತ್ತೋಲೆ ಹದಿನಾಲ್ಕನ್ನು ಹೊರಡಿಸಿದರು. ಅದರ ಮುಖ್ಯಾಂಶ ಹೀಗಿದೆ:

'ದಳದ ಸಮವಸ್ತ್ರಧಾರಿ ಸಿಬ್ಬಂದಿಯನ್ನು ಸಾರ್ವಜನಿಕರು ಪೂರ್ವಾನುಮತಿಯಿಲ್ಲದೆ ಗೇಲಿ ಮಾಡುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಗೇಲಿ ಮಾಡಲಿಚ್ಛಿಸುವವರು ನಮೂನೆ ಗ-3ನ್ನು ಮೂರು ಪ್ರತಿಗಳಲ್ಲಿ ಭರ್ತಿ ಮಾಡಿ, ಉದ್ದೇಶಿತ ಬೈಗುಳವನ್ನು ಸ್ಪಷ್ಟ ಅಕ್ಷರಗಳಲ್ಲಿ ನಮೂದಿಸಿ, ವಂಶಾವಳಿ ಪ್ರಮಾಣಪತ್ರ ಲಗತ್ತಿಸಿ ಸಲ್ಲಿಸತಕ್ಕದ್ದು. ಬೈಸಿಕೊಳ್ಳುವ ಸಿಬ್ಬಂದಿಯು ಸಮ್ಮತಿ ಸೂಚಿಸಿ ಸಹಿ ಮಾಡಿ, ಪ್ರತಿ-ಬೈಗುಳವನ್ನು ಎಪ್ಪತ್ತೆರಡು ಗಂಟೆಗಳೊಳಗೆ ಲಿಖಿತವಾಗಿ ನೀಡತಕ್ಕದ್ದು. ಸಿಬ್ಬಂದಿಯ ನಡೆ, ನುಡಿ, ಕೆಮ್ಮು ಇತ್ಯಾದಿಗಳನ್ನು ಅನುಕರಿಸುವುದು ಪ್ರತ್ಯೇಕ ಅಪರಾಧ.'

ಪರಿಣಾಮ ತಕ್ಷಣವೇ ಕಂಡುಬಂತು. ಬೈಯುವುದು ನಿಂತಿತು, ಜಗಳ ಶುರುವಾಯಿತು. ಮೊದಲು 'ನನ್ನ ಆಳೇ' ಎಂದು ನಕ್ಕು ಹೋಗುತ್ತಿದ್ದವರು ಈಗ ಕಾಗದ ತೋರಿಸಲು ಒಂದೊಂದು ಗಂಟೆ ಬಿಸಿಲಲ್ಲಿ ನಿಂತು, ನಿಜವಾಗಿಯೇ ಕೆರಳಿ, ಕಲ್ಲು ಹುಡುಕತೊಡಗಿದರು. ಹಿಂದಿನ ಇಪ್ಪತ್ತೆರಡು ವರ್ಷಗಳಲ್ಲಿ ಗೇಟಿನಲ್ಲಿ ದಾಖಲಾದ ಗಲಭೆಗಳು: ಸೊನ್ನೆ. ಸುತ್ತೋಲೆಯ ನಂತರದ ಮೊದಲ ತಿಂಗಳಲ್ಲಿ: ಮೂವತ್ತೊಂದು. ಇದನ್ನು ಕಮಾಂಡೆಂಟರು 'ಇಷ್ಟು ಕಾಲ ಮುಚ್ಚಿಡಲಾಗಿದ್ದ ಗಲಭೆಗಳು ಬೆಳಕಿಗೆ ಬಂದಿವೆ' ಎಂದು ರಾಜಧಾನಿಗೆ ವರದಿ ಮಾಡಿದರು. ರಾಜಧಾನಿಯವರು ಮೆಚ್ಚಿ ಇಪ್ಪತ್ತು ಗುರಾಣಿ, ನಲವತ್ತು ಲಾಠಿ ಕಳಿಸಿದರು. ಗುರಾಣಿ ಬಂದ ಮೇಲೆ ಕಲ್ಲಿಗೂ ಬೆಲೆ ಬಂತು.

ಜೊತೆಗೆ ಅವಮಾನ ಭತ್ಯೆಯೂ ಮಂಜೂರಾಯಿತು. ಪೂರ್ವಾನುಮತಿಯಿಂದ ಬೈಸಿಕೊಂಡ ಸಿಬ್ಬಂದಿಗೆ ಪ್ರತಿ ಬೈಗುಳಕ್ಕೆ ದಳದ ಉಗ್ರಾಣದಿಂದ ಅರ್ಧ ಕಿಲೊ ಅಕ್ಕಿ. ಅಲ್ಲಿಂದ ಮುಂದೆ ನಮ್ಮ ತುಕಡಿಯಲ್ಲಿ ಬೈಸಿಕೊಳ್ಳದ ಗಂಡಸೇ ಉಳಿಯಲಿಲ್ಲ, ಕಾಗದದ ಮೇಲೆ. ಅಡುಗೆಯವನು ಉಗ್ರಾಣದವನನ್ನು ಬೈದ, ಉಗ್ರಾಣದವನು ಅಡುಗೆಯವನನ್ನು ಬೈದ, ಇಬ್ಬರೂ ಒಂದೇ ಊರಿನ ಒಂದೇ ಮನೆತನದವರು. ಅತಿ ಹೆಚ್ಚು ಅವಮಾನಕ್ಕೊಳಗಾದವರು ಸ್ವತಃ ಕಮಾಂಡೆಂಟರು. ಮಾರ್ಚ್ ತಿಂಗಳೊಂದರಲ್ಲೇ ಇನ್ನೂರ ಹನ್ನೆರಡು ಸಲ. ಅವರಿಗೆ ಈ ಭಾಗದಲ್ಲಿ ಒಬ್ಬ ಗೇಲಿನಂಟನೂ ಇರಲಿಲ್ಲ ಎಂಬುದು ಬೇರೆ ಮಾತು. ಅಕ್ಕಿ ಒಯ್ಯಲು ಲಾರಿ ಬರುತ್ತಿತ್ತು.

ಒಂದೇ ಒಂದು ಸೇರು ಅಕ್ಕಿ ಕೇಳದವರು ಪಾರೆ. ಸುತ್ತೋಲೆ ಬಂದ ಮೇಲೆ ಪೊಕೊ ಅಜ್ಜಿ ಗೇಟಿಗೆ ಬಂದು ಸುಮ್ಮನೆ ಕಾಗದ ಚಾಚುತ್ತಿದ್ದಳು. ಅವರು ಸುಮ್ಮನೆ ನೋಡಿ ವಾಪಸ್ ಕೊಡುತ್ತಿದ್ದರು. ಒಂದು ದಿನ ಅವಳು ಬಾಯಿ ತೆರೆದಾಗ ಪಕ್ಕದ ಪೇದೆ ಪ್ರಕರಣ ಬರೆಯುವ ಪುಸ್ತಕ ತೆಗೆದ. ಅವಳು ಬಾಯಿ ಮುಚ್ಚಿಕೊಂಡಳು. ನನಗೂ ಪಾರೆಗೂ ಒಂಬತ್ತು ವರ್ಷದ ಸ್ನೇಹ. ಬೆಳಗ್ಗೆ ಹೋದ ಕೂಡಲೇ ಅವರ ಕುರ್ಚಿಯಲ್ಲಿ ನಾನು ಕೂರುವುದು, 'ಆಳು ಧಣಿಯ ಕುರ್ಚಿ ಮೇಲೆ ಕೂರ್ತದಾ' ಎಂದು ಅವರು ನನ್ನನ್ನು ದಬ್ಬುವುದು, ಹಾಗೆ ದಿನ ಶುರುವಾಗಬೇಕು. ಸುತ್ತೋಲೆಯ ನಂತರ ನಾವು ಒಬ್ಬರಿಗೊಬ್ಬರು 'ಶುಭ ದಿನ' ಎನ್ನತೊಡಗಿದೆವು. ಸುತ್ತೋಲೆಗೆ ಕರಡು ಬರೆದವನು ನಾನೇ. ಅಕ್ಷರ ದುಂಡಗಿದೆ ಎಂದು ಕಮಾಂಡೆಂಟರು ಹೊಗಳಿದ್ದರು. ಪಾರೆಯವರ ಬೆಲ್ಟಿಗೆ ಮೂರು ಹೊಸ ತೂತು ಹಾಕಿಸಬೇಕಾಯಿತು. ವೈದ್ಯರು ಸಾವಿನ ಕಾರಣ ಹೃದಯ ಎಂದು ಬರೆದಿದ್ದಾರೆ. ಹಾಗೇ ಇರಲಿ.

ಮಂಗಳವಾರ ಬೆಳಗ್ಗೆ ಪಾರೆಯವರ ಹೆಂಡತಿ ಅಗಾತ್ ಕಚೇರಿಗೆ ಬಂದಳು, ಜೊತೆಗೆ ಪೊಕೊ ಅಜ್ಜಿ. ಇಬ್ಬರೂ ನನ್ನ ಮೇಜಿನ ಮುಂದೆ ನಿಂತರು.

"ಏನೋ ಆಳೇ," ಎಂದಳು ಅಗಾತ್. "ಇದಕ್ಕೂ ನಮೂನೆ ಬೇಕಾ, ಇಲ್ಲ ಹಾಗೇ ಬೈಸ್ಕೋತೀಯಾ?"

"ಬೇಕಮ್ಮ," ಎಂದೆ.

"ನನ್ನ ಗಂಡನ್ನ ಬೈಸಿ ಕಳಿಸ್ಕೊಡ್ರಪ್ಪ. ನಾನು ಬೇರೇನೂ ಕೇಳಲ್ಲ. ಹನ್ನೊಂದು ತಿಂಗಳು ಮನೆಗೆ ಬಂದು ಗೋಡೆ ನೋಡ್ಕೊಂಡು ಕೂತ್ಕೋತಿದ್ರು. ಇವತ್ತು ಯಾರೂ ಬೈಲಿಲ್ಲ ಕಣೆ ಅನ್ನೋರು. ಹೋಗುವಾಗ್ಲೂ ಹಾಗೇ ಹೋಗ್ಬೇಕಾ?"

ಪೊಕೊ ಅಜ್ಜಿ ನಮೂನೆ ಗ-3ರ ಮೂರು ಪ್ರತಿಗೂ ಹೆಬ್ಬೆಟ್ಟು ಒತ್ತಿದಳು. ಬೈಗುಳದ ಕಲಮಿನಲ್ಲಿ ಹೇಳಿದಂತೆ ಬರೆದುಕೊಂಡೆ, ಒಟ್ಟು ಏಳು. ಐದನೆಯದನ್ನು ಬರೆಯುವಾಗ ಅಗಾತ್ ಹೊರಗೆ ಹೋಗಿ ನಿಂತಳು.

ಕಮಾಂಡೆಂಟರು ಅರ್ಜಿಯನ್ನು ಸಾವಧಾನವಾಗಿ ಓದಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಮಾತಾಡಿ ಒಪ್ಪಿಸಬಹುದಿತ್ತು.

"ಬೈಸಿಕೊಳ್ಳುವವರ ಸಮ್ಮತಿ ಸಹಿ ಇಲ್ಲ," ಎಂದರು.

"ಅವರು ತೀರಿಕೊಂಡಿದ್ದಾರೆ ಸರ್."

"ಗೊತ್ತು. ಸಂತಾಪ ಪತ್ರಕ್ಕೆ ನಾನೇ ಸಹಿ ಮಾಡಿದ್ದೇನೆ. ಆದರೆ ಪ್ರತಿ-ಬೈಗುಳ ಎಪ್ಪತ್ತೆರಡು ಗಂಟೆಯೊಳಗೆ ಬರಬೇಕು. ಯಾರು ಕೊಡ್ತಾರೆ?"

"'ದಿವಂಗತರ ಉತ್ತರ ನಿರೀಕ್ಷಿಸಲಾಗಿದೆ' ಅಂತ ಷರಾ ಹಾಕಬಹುದು ಸರ್."

ಅವರು ಯೋಚಿಸಿದರು. "ಅವಧಿ ಮೀರಿದರೆ?"

ನಾನು ಸುತ್ತೋಲೆಯ ಹಾಳೆ ತಿರುವತೊಡಗಿದೆ.

"ಸಮವಸ್ತ್ರ ತೆಗೆದುಬಿಟ್ರೆ?" ಎಂದು ಅಗಾತ್ ಬಾಗಿಲಿನಿಂದ ಕೇಳಿದಳು. "ಬರೀ ಬಟ್ಟೆ ಉಡಿಸಿ ಮಲಗಿಸ್ತೀನಿ. ಆಗ ನಿಮ್ಮ ಸಿಬ್ಬಂದಿ ಅಲ್ಲವಲ್ಲ."

"ಖಂಡಿತ ಸಾಧ್ಯವಿದೆ ತಾಯಿ," ಎಂದರು ಕಮಾಂಡೆಂಟರು ಮೃದುವಾಗಿ. "ಆದರೆ ಸಮವಸ್ತ್ರವಿಲ್ಲದೆ ಸಂಸ್ಕಾರವಾದರೆ ಅವರು ಸೇವೆಯಲ್ಲಿರುವಾಗ ಮಡಿದರು ಎಂದಾಗುವುದಿಲ್ಲ. ಆಗ ನಿಮಗೂ ಮೂವರು ಹೆಣ್ಣುಮಕ್ಕಳಿಗೂ ಪಿಂಚಣಿ ಬರುವುದಿಲ್ಲ, ವಸತಿಯನ್ನೂ ತಿಂಗಳೊಳಗೆ ಬಿಡಬೇಕಾಗುತ್ತದೆ. ನೀವೇ ನಿರ್ಧರಿಸಿ. ದಳ ಯಾರನ್ನೂ ಬಲವಂತ ಮಾಡುವುದಿಲ್ಲ."

ಅಗಾತ್ ನೆಲದ ಮೇಲೆ ಕೂತುಬಿಟ್ಟಳು. ಪೊಕೊ ಅಜ್ಜಿ ಅವಳ ತಲೆ ಮೇಲೆ ಕೈಯಿಟ್ಟು, ಕಮಾಂಡೆಂಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನನ್ನು ಕೇಳಿದಳು: "ಇವನಿಗೆ ಯಾರೂ ಗೇಲಿನಂಟರಿಲ್ವಾ? ಅಯ್ಯೋ ಪಾಪ."

"ನನಗೆ ಅಂಥ ಅಭ್ಯಾಸವಿಲ್ಲ," ಎಂದರು ಕಮಾಂಡೆಂಟರು. ವಿಷಯವನ್ನು ರಾಜಧಾನಿಯ ಅವಗಾಹನೆಗೆ ಕಳಿಸಿದರು.

ಬುಧವಾರ ಹೋಯಿತು, ಗುರುವಾರ ಹೋಯಿತು. ನೆರಳಿನಲ್ಲೂ ನಲವತ್ಮೂರು ಡಿಗ್ರಿ. ಮೀನಿನವನು ದಿನಕ್ಕೆ ಎರಡು ಸಲ ಮಂಜುಗಡ್ಡೆ ತಂದು ಹಾಕಿ, 'ನನ್ನ ಮೀನು ಕೆಡ್ತಿದೆ, ಆದ್ರೂ ಪಾರೆಗಿಂತ ಹೆಚ್ಚಲ್ಲ ಬಿಡಿ' ಎನ್ನುತ್ತಿದ್ದ. ಅಗಾತ್ ಆಸ್ಪತ್ರೆಯ ಹಿಂದಿನ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಒಂದು ಸಲ ಸಮವಸ್ತ್ರದ ಗುಂಡಿ ಬಿಚ್ಚಲು ಹೋದಳಂತೆ, ಮತ್ತೆ ಹಾಕಿದಳಂತೆ. ಹಿರಿಮಗಳಿಗೆ ಹನ್ನೆರಡು ವರ್ಷ.

ಶುಕ್ರವಾರ ಮಧ್ಯಾಹ್ನ ರಾಜಧಾನಿಯಿಂದ ಕಡತದ ಬದಲು ಮನುಷ್ಯರೇ ಬಂದರು: ಮಹಾ ತಪಾಸಣಾಧಿಕಾರಿ ಕರ್ನಲ್ ಸುಲಾಮಾ. ಕಮಾಂಡೆಂಟರು ಇಡೀ ತುಕಡಿಯನ್ನು ಗುರಾಣಿ ಸಮೇತ ಬಿಸಿಲಲ್ಲಿ ನಿಲ್ಲಿಸಿದ್ದರು. ಜೀಪು ನಿಂತಿತು. ಕರ್ನಲ್ ಇಳಿದರು, ಭಾರೀ ಮೈಕಟ್ಟಿನವರು. ಕಮಾಂಡೆಂಟರ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿದರು, ಮುಖ ಅರಳಿತು.

"ಡಬಿರೆ? ದಗಾರಾನಾ ನೀನು? ಅಯ್ಯೋ ನನ್ನ ಆಳೇ! ನಮ್ಮಜ್ಜನ ಹಿತ್ತಲಲ್ಲಿ ಕೋಳಿ ಕಾಯ್ತಿದ್ದೋರ ಮೊಮ್ಮಗ, ನಿನಗೆ ಯಾರೋ ಬೂಟು ಕೊಟ್ಟೋರು?"

ಕರ್ನಲ್ ಗುಯಿನ್ ಜನದವರು. ದಗಾರಾಗಳಿಗೂ ಗುಯಿನ್‌ಗಳಿಗೂ ಅದೇ ನಂಟು. ಇದು ನಮಗೆಲ್ಲ ಗೊತ್ತಿತ್ತು, ಕಮಾಂಡೆಂಟರಿಗೂ ಗೊತ್ತಿದ್ದೇ ಇತ್ತು. ತಿರುಗಿಸಿ ಬೈಯದಿದ್ದರೆ ಕುಲಕ್ಕೆ ಅವಮಾನ. ಬೈದರೆ ಮೇಲಧಿಕಾರಿಗೆ ಅವಮಾನ ಮತ್ತು ಸುತ್ತೋಲೆಯ ಉಲ್ಲಂಘನೆ. ಎಂಬತ್ತು ಜನ ನೋಡುತ್ತ ನಿಂತಿದ್ದೆವು. ಕಮಾಂಡೆಂಟರು ಸೆಲ್ಯೂಟ್ ಹೊಡೆದರು. ಜೇಬಿನಿಂದ ಮಡಿಸಿದ ಕಾಗದ ತೆಗೆದು ಎರಡೂ ಕೈಯಲ್ಲಿ ಮುಂದಿಟ್ಟರು.

"ಸರ್, ಸುತ್ತೋಲೆ ಹದಿನಾಲ್ಕರ ಪ್ರಕಾರ ನಮೂನೆ ಗ-3. ಮೂರು ಪ್ರತಿ. ವಂಶಾವಳಿ ಪ್ರಮಾಣಪತ್ರ ಲಗತ್ತಿಸಬೇಕು."

ಕರ್ನಲ್ ಕಾಗದವನ್ನು ತಲೆಯಿಂದ ಬುಡದವರೆಗೆ ಓದಿದರು. 'ಬೈಸಿಕೊಳ್ಳುವವರ ಸಮ್ಮತಿ ಸಹಿ' ಎಂಬಲ್ಲಿಗೆ ಬಂದಾಗ ಭುಜ ಕುಲುಕತೊಡಗಿತು. 'ಪ್ರತಿ-ಬೈಗುಳ, ಎಪ್ಪತ್ತೆರಡು ಗಂಟೆಯೊಳಗೆ' ಎಂಬಲ್ಲಿ ಜೀಪಿನ ಬಾಗಿಲು ಹಿಡಿದುಕೊಂಡರು.

"ಮೂವತ್ತು ವರ್ಷ ಸರ್ವೀಸು," ಎಂದರು ಕಣ್ಣೊರೆಸಿಕೊಂಡು. "ಒಬ್ಬ ದಗಾರಾನೂ ನನಗೆ ಹೀಗೆ ತಿರುಗಿಸಿ ಕೊಟ್ಟಿರ್ಲಿಲ್ಲ ಕಣೋ."

"ಇದು ತಮಾಷೆಯಲ್ಲ ಸರ್."

"ಮುಖ ನೋಡ್ರೋ ಇವನ ಮುಖ! ಒಂಚೂರೂ ನಗಲ್ಲ!"

"ಇದು ಜಾರಿಯಲ್ಲಿರುವ ನಿಯಮ ಸರ್. ಪ್ರತ್ಯೇಕ ವಿಭಾಗವಿದೆ, ರಿಜಿಸ್ಟರಿದೆ."

"ರಿಜಿಸ್ಟರ್ ಬೇರೆ ಮಾಡಿದ್ದಾನೆ, ನನಗೋಸ್ಕರ!" ಕರ್ನಲ್ ಕುರ್ಚಿ ತರಿಸಿ ಕೂತರು. ಒಂದೊಂದೇ ಕಡತ ತರಿಸಿಕೊಂಡರು. ಅವಮಾನ ಭತ್ಯೆಯ ಕಡತಕ್ಕೆ ಅವರಿಗೆ ನೀರು ಕುಡಿಸಬೇಕಾಯಿತು. ತಮಾಷೆಗೆ ತಮಾಷೆಯಿಂದಲೇ ಉತ್ತರ ಕೊಡದಿದ್ದರೆ ಗುಯಿನ್ ಕುಲದ ಮಾನ ಏನಾಗಬೇಕು? ಪ್ರತಿಯೊಂದು ಕಾಗದದ ಮೇಲೂ 'ಅತ್ಯುತ್ತಮ, ದೇಶಾದ್ಯಂತ ಜಾರಿಗೊಳಿಸಿ' ಎಂದು ಬರೆದು, ಗಂಭೀರವಾಗಿ ಮುಖ ಮಾಡಿ ಸಹಿ ಹಾಕಿ, ಮುದ್ರೆ ಒತ್ತಿ, ಮತ್ತೆ ನಗುತ್ತಿದ್ದರು.

ನಾನು ಆ ಗಳಿಗೆಯಲ್ಲಿ ಒಂದು ಕೆಲಸ ಮಾಡಿದೆ. ಪೊಕೊ ಅಜ್ಜಿಯ ಅರ್ಜಿಯ ಕಚೇರಿ ಪ್ರತಿಯನ್ನು ಕಟ್ಟಿನ ಕೆಳಗಿಂದ ಎಳೆದು ಮೇಲಿಟ್ಟೆ. ಇದು ಕರ್ತವ್ಯಲೋಪವಾಗಿದ್ದಲ್ಲಿ ಶಿಕ್ಷೆಗೆ ಸಿದ್ಧನಿದ್ದೇನೆ.

ಕರ್ನಲ್ ಓದಿದರು. ಈ ಸಲ ಕೂಡಲೇ ನಗಲಿಲ್ಲ. "ಈತ ನಿಜವಾಗ್ಲೂ ಸತ್ತಿದ್ದಾನಾ?"

"ಸೋಮವಾರವೇ ಸರ್. ಮಂಜುಗಡ್ಡೆ ಮೇಲಿದ್ದಾರೆ," ಎಂದೆ.

"ಅವನ ಗೇಲಿನಂಟಳು ಅನುಕರಣೆ ಮಾಡಿದ್ರೆ ಅಪರಾಧ. ಯಾಕೆಂದ್ರೆ ಅವಳಿಗೆ ಸಮವಸ್ತ್ರ ಇಲ್ಲ. ಸಾರ್ಜೆಂಟೇ ಸಾರ್ಜೆಂಟಿನ ಹಾಗೆ ಕೆಮ್ಮಿದ್ರೆ ಅನುಕರಣೆ ಎಲ್ಲಿ ಬಂತು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಪೆನ್ನು ತೆಗೆದು ಅಂಚಿನಲ್ಲಿ ಹೀಗೆ ಬರೆದರು: 'ಅರ್ಜಿದಾರಳಿಗೆ ಸಾರ್ಜೆಂಟ್ ದರ್ಜೆ ಮತ್ತು ಸಮವಸ್ತ್ರ ನೀಡಿ, ಬೈಯಿಸತಕ್ಕದ್ದು. ದಿವಂಗತರ ಉತ್ತರ ನಿರೀಕ್ಷಿಸಲಾಗಿದೆ. ಅಗತ್ಯವಿದ್ದಲ್ಲಿ ಅವಧಿ ವಿಸ್ತರಿಸಿ.' ಸಹಿ, ಮುದ್ರೆ.

ಜೀಪು ಹತ್ತುವಾಗ ಕಮಾಂಡೆಂಟರ ಬೆನ್ನಿಗೆ ಒಂದು ಗುದ್ದು ಕೊಟ್ಟು, "ನೀನೇ ಗೆದ್ದೆ ಕಣೋ ಆಳೇ," ಎಂದು ಹೋದರು. ಕಮಾಂಡೆಂಟರು ಆ ಕಾಗದದ ಸಹಿ, ಮುದ್ರೆ ಎರಡನ್ನೂ ಪರಿಶೀಲಿಸಿದರು. "ಆದೇಶ ಆದೇಶವೇ," ಎಂದರು ಕೊನೆಗೆ. "ಮುದುಕಿಯ ಅಳತೆ ತಗೊಳ್ಳಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಬೈಗುಳಗಳ ಪರಿಶೀಲನೆ ಬಾಕಿಯಿತ್ತು. ಏಳರಲ್ಲಿ ನಾಲ್ಕನ್ನು ಕಮಾಂಡೆಂಟರು ತಿರಸ್ಕರಿಸಿ, ಉಳಿದ ಮೂರರ ಭಾಷೆಯನ್ನು ತಿದ್ದಿದರು. ಅಜ್ಜಿಗೆ ಓದಲು ಬಾರದ್ದರಿಂದ ಶನಿವಾರ ಬೆಳಗ್ಗೆ ಮಿಷನ್ನಿನ ಸ್ಮಶಾನದಲ್ಲಿ ನಾನು ಸಾಲುಸಾಲಾಗಿ ಓದುವುದು, ಅವಳು ಹಾಗೇ ಹೇಳುವುದು ಎಂದಾಯಿತು. ಇಡೀ ಊರು ಸೇರಿತ್ತು. ಪಾರೆಯವರು ಪೆಟ್ಟಿಗೆಯಲ್ಲಿದ್ದರು. ಅಜ್ಜಿ ದೊಗಲೆ ಸಮವಸ್ತ್ರದಲ್ಲಿ, ತಲೆಯ ಮೇಲೆ ಪಾರೆಯವರದೇ ಟೋಪಿ ಇಟ್ಟುಕೊಂಡು, ಅಟೆನ್ಷನ್‌ನಲ್ಲಿ ನಿಂತಿದ್ದಳು.

"ಒಂದು," ಎಂದು ಓದಿದೆ. "ಎಲೈ ಶ್ವಾನಶಿರೋಭಕ್ಷಕರೇ."

"ಎಲೈ ಶ್ವಾನ... ಅದೇ," ಎಂದಳು ಅಜ್ಜಿ.

"ಎರಡು. ತಮ್ಮ ಪೂಜ್ಯ ಪಿತಾಮಹರನ್ನು ನೆಲಗಡಲೆಯ ವಿನಿಮಯದಲ್ಲಿ ಪಡೆಯಲಾಗಿತ್ತು. ಪ್ರಮಾಣ ಎರಡು ಬೊಗಸೆ. ಗುಣಮಟ್ಟ ಕಳಪೆ."

ಯಾರೂ ನಗಲಿಲ್ಲ. ಎಲ್ಲೋ ಒಂದು ಮಗು ಸೀನಿತು. ಅಗಾತ್ ತಲೆ ತಗ್ಗಿಸಿ ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಿದ್ದಳು. ಮೂರನೆಯದನ್ನು ಓದುವಾಗ ನನ್ನ ದನಿ ನನಗೇ ಅಸಹ್ಯವಾಯಿತು. ಒಂಬತ್ತು ವರ್ಷ ಬಾಯಿತುಂಬ ಬೈದ ಮನುಷ್ಯನಿಗೆ ಕೊನೆಯದಾಗಿ ಹೇಳುವುದು ಇದಾ?

"ಮಂಜೂರಾದ ನಿಂದನೆ ಪೂರ್ಣಗೊಂಡಿದೆ," ಎಂದರು ಕಮಾಂಡೆಂಟರು ಗಡಿಯಾರ ನೋಡಿ. "ಇಳಿಸಿ."

ಹೊರುವವರು ಪೆಟ್ಟಿಗೆಗೆ ಕೈ ಹಾಕಿದರು. ಅಷ್ಟರಲ್ಲಿ ಪೊಕೊ ಅಜ್ಜಿ ಅವರನ್ನು ಸರಿಸಿ, ಏದುಸಿರು ಬಿಡುತ್ತ, ಪ್ಯಾಂಟಿನ ಕಾಲು ಎತ್ತಿ ಹಿಡಿದುಕೊಂಡು ಗುಂಡಿಗೆ ಇಳಿದೇಬಿಟ್ಟಳು. ಅಂಗಿಯೊಳಗಿಂದ ಒಂದು ಹಗ್ಗ ತೆಗೆದಳು. ಗೇಟಿನ ಹಗ್ಗ, ಪಾರೆಯವರ ಕೈಯಲ್ಲಿದ್ದದ್ದು. ಅದನ್ನು ಗುಂಡಿಗೆ ಅಡ್ಡಲಾಗಿ ಎಳೆದು ಕಟ್ಟಿದಳು. ಪ್ಯಾಂಟು ಮೇಲೆಳೆದುಕೊಂಡಳು. ಎರಡು ಸಲ ಕೆಮ್ಮಿದಳು.

"ನಿಲ್ಲು," ಎಂದಳು ಪೆಟ್ಟಿಗೆಗೆ. "ಕಾಗದ ತೋರ್ಸು."

ಅದು ಪಾರೆಯವರದೇ ದನಿ. ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು.

"ಅಜ್ಜಿ, ಇದು ಮಂಜೂರಾತಿಯಲ್ಲಿಲ್ಲ," ಎಂದರು ಕಮಾಂಡೆಂಟರು.

"ಯಾರನ್ನ ಅಜ್ಜಿ ಅಂತೀಯ? ಸಾರ್ಜೆಂಟ್ ಅನ್ನು. ಸಮವಸ್ತ್ರದಲ್ಲಿರೋರನ್ನ ಹೀಗೆ ಸದರವಾಗಿ ಮಾತಾಡ್ಸೋಕೆ ನಿನ್ ಹತ್ರ ನಮೂನೆ ಇದ್ಯಾ? ಮೂರು ಪ್ರತಿ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಕಮಾಂಡೆಂಟರ ಕೈ ತಾನಾಗಿಯೇ ಜೇಬಿಗೆ ಹೋಯಿತು. ನಿಯಮದ ವಿಷಯದಲ್ಲಿ ಅವರು ಪ್ರಾಮಾಣಿಕರು, ಒಪ್ಪಬೇಕು. ಸುತ್ತೋಲೆಯನ್ನು ಮನಸ್ಸಿನಲ್ಲೇ ಒಂದು ಸಲ ಓದಿಕೊಂಡು ನೆಟ್ಟಗೆ ನಿಂತರು. "ಕ್ಷಮಿಸಿ ಸಾರ್ಜೆಂಟ್," ಎಂದರು. ನಂತರ ನನ್ನ ಕಡೆ ತಿರುಗಿದರು. "ಕಾರ್ಪೊರಲ್, ದಿವಂಗತರ ಕಾಗದಗಳಿವೆಯೇ?"

ನನ್ನ ಕಡತದಲ್ಲಿ ಇದ್ದವು. ಬಗ್ಗಿ ಗುಂಡಿಯೊಳಗೆ ಕೊಟ್ಟೆ. ಅಜ್ಜಿ ಗುರುತಿನ ಚೀಟಿಯನ್ನು ತಲೆಕೆಳಗು ಹಿಡಿದು ನೋಡಿದಳು.

"ಫೋಟೋದಲ್ಲಿ ಉಸಿರಾಡ್ತಿದ್ದಾನೆ. ಇಲ್ಲಿ ಆಡ್ತಿಲ್ಲ. ತಾಳೆ ಆಗಲ್ಲ. ಈ ಮೂಗಂತೂ ಇವನದೇ, ಇಂಥ ಮೂಗು ನಾಯಿತಲೆಯವರಿಗೆ ಬಿಟ್ಟು ಯಾರಿಗೂ ದೇವರು ಕೊಟ್ಟಿಲ್ಲ. ಸಾಮಾನೇನು ಒಯ್ತಿದ್ದ? ಏನೂ ಇಲ್ವಾ? ಇಪ್ಪತ್ತೆರಡು ವರ್ಷ ಗೇಟು ಕಾದು ಒಂದು ಗಂಟೂ ಮಾಡ್ಲಿಲ್ವಾ? ಈ ತುಕಡಿಯಲ್ಲಿ ಇವನೊಬ್ಬ ಪೆದ್ದ."

ಉಗ್ರಾಣದವನು ಬೇರೆ ಕಡೆ ನೋಡಿದ. ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದೆ ಬಂತು.

"ಎಲ್ಲಿಗೆ ಪ್ರಯಾಣ?" ಎಂದು ಅಜ್ಜಿ ಪಾರೆಯವರ ಹಾಗೆಯೇ ಮುಂದುವರಿಸಿದಳು. "ಯಾರ ಮನೆಗೆ? ವಾಪಸ್ ಯಾವತ್ತು? ಇಲ್ಲಿ ವಾಪಸ್ ಬರೋ ತಾರೀಕು ಬರ್ದಿಲ್ವಲ್ಲ." ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದಳು. "ಎಲ್ಲೂ ಬರ್ದಿಲ್ಲ." ದನಿ ಅವಳದೇ ಆಗಿಬಿಟ್ಟಿತು. "ಹನ್ನೊಂದು ತಿಂಗಳು ನನಗೆ ಒಂದು ಬೈಗುಳ ಹಾಕ್ಲಿಲ್ಲ ಕಳ್ಳ. ಸಾಲ ಉಳಿಸ್ಕೊಂಡು ಓಡ್ತಿದ್ದಾನೆ. ನಾನು ಬಿಡಲ್ಲ."

ಅಗಾತ್ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅತ್ತಳು. ಐದು ದಿನಗಳಲ್ಲಿ ಅವಳು ಮನಸಾರೆ ಅತ್ತದ್ದು ಆಗಲೇ. ಮಗಳ ಕೈಯಿಂದ ಕೋಲಾ ಕಾಯಿಯ ಗಂಟು ತೆಗೆದು ಗುಂಡಿಯೊಳಗೆ ಚಾಚಿದಳು. "ತಗೋ ಆಳೇ, ಬಿಡು ಅವರನ್ನ."

"ಇಷ್ಟೇನಾ? ನಿಮ್ಮೋರ ಕೈ ಯಾವತ್ತೂ ಇಷ್ಟೇ," ಎಂದು ಅಜ್ಜಿ ಎಣಿಸದೆ ಜೇಬಿಗೆ ಹಾಕಿಕೊಂಡಳು. ಹಗ್ಗದ ಒಂದು ತುದಿ ಬಿಚ್ಚಿದಳು. ಟೋಪಿ ತೆಗೆದು, ಧೂಳು ಕೊಡವಿ, ಪೆಟ್ಟಿಗೆಯ ಮೇಲಿಟ್ಟಳು. "ಹೋಗು. ಗೇಟು ಎತ್ತಿದೆ."

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಕರ್ನಲ್ಲರ ಸಹಿ ಇದ್ದದ್ದರಿಂದ ಸುತ್ತೋಲೆ ಹದಿನಾಲ್ಕು ದೇಶಾದ್ಯಂತ ಜಾರಿಗೆ ಬಂತು. ಅದು ತಮಾಷೆ ಎಂದು ಕರ್ನಲ್ಲರು ಹೋದಲ್ಲೆಲ್ಲ ಹೇಳುತ್ತಿದ್ದಾರಂತೆ. ಎಷ್ಟು ಹೇಳಿದರೂ ಎಲ್ಲರೂ ಇನ್ನೂ ಜೋರಾಗಿ ನಗುತ್ತಾರಂತೆ. ಡಬಿರೆಯವರು ಬಡ್ತಿ ಪಡೆದು ರಾಜಧಾನಿಯಲ್ಲಿ ಗೇಲಿ ನಿರ್ದೇಶನಾಲಯದ ಮುಖ್ಯಸ್ಥರಾಗಿದ್ದಾರೆ. ಅಗಾತ್‌ಗೆ ಪಿಂಚಣಿ ಬರುತ್ತಿದೆ. ಪೊಕೊ ಅಜ್ಜಿಯ ಸಾರ್ಜೆಂಟ್ ದರ್ಜೆಗೆ ಆದೇಶದಲ್ಲಿ ಕೊನೆಯ ದಿನಾಂಕ ನಮೂದಾಗಿಲ್ಲವಾದ್ದರಿಂದ ಅವಳು ಈಗಲೂ ಸೇವೆಯಲ್ಲಿದ್ದಾಳೆ. ಸ್ಮಶಾನದಲ್ಲಿ ಕಟ್ಟಿದ ಹಗ್ಗ ತೆಗೆಯಲು ಯಾರೂ ಆದೇಶ ಕೊಡದ ಕಾರಣ ಅದು ಅಧಿಕೃತ ಗೇಟು. ಈಗ ಕೊಯೆರಿಯಲ್ಲಿ ಯಾವ ಹೆಣವೂ ಕಾಗದ ತೋರಿಸದೆ, ಸಾರ್ಜೆಂಟ್ ಪೊಕೊ ಕೈಲಿ ಬೈಸಿಕೊಳ್ಳದೆ ಒಳಗೆ ಹೋಗುವಂತಿಲ್ಲ. ಜನ ಒಪ್ಪಿಕೊಂಡಿದ್ದಾರೆ. 'ಕಾಗದ ಸರಿ ಇಟ್ಕೊಂಡು ಹೋಗಪ್ಪ' ಎಂದು ಮುದುಕರು ಮುದುಕರನ್ನು ಹರಸುತ್ತಾರೆ.

ನನ್ನದೂ ಒಂದು ಅರ್ಜಿ ಇದೆ. ಪಾರೆಯವರನ್ನು ಹೂಳಿದ ಮರುದಿನವೇ ನಮೂನೆ ಗ-3ನ್ನು ಮೂರು ಪ್ರತಿಯಲ್ಲಿ ತುಂಬಿ ಸಲ್ಲಿಸಿದೆ. ಬೈಗುಳದ ಕಲಮಿನಲ್ಲಿ, 'ಏ ನನ್ನ ಆಳೇ, ಧಣಿಗೆ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದೆಯಲ್ಲೋ' ಎಂದು ಬರೆದಿದ್ದೇನೆ. ಎಪ್ಪತ್ತೆರಡು ಗಂಟೆಗೊಮ್ಮೆ ಟಪ್ಪಾಲು ಪೆಟ್ಟಿಗೆ ತೆರೆದು ನೋಡಿ, 'ದಿವಂಗತರ ಉತ್ತರ ನಿರೀಕ್ಷಿಸಲಾಗಿದೆ, ಅವಧಿ ವಿಸ್ತರಿಸಲಾಗಿದೆ' ಎಂದು ಷರಾ ಬರೆದು ಹೊಸ ಕಮಾಂಡೆಂಟರ ಮುಂದಿಡುತ್ತೇನೆ. ಅವರು ಪೂರ್ತಿ ಓದಿಯೇ ಸಹಿ ಮಾಡುವವರು.

"ಇನ್ನೂ ಉತ್ತರ ಬಂದಿಲ್ವಾ?" ಎಂದು ಕೇಳುತ್ತಾರೆ.

"ಇಲ್ಲ ಸರ್," ಎನ್ನುತ್ತೇನೆ. "ಸಾಮೋಗಳು ಸ್ವಲ್ಪ ನಿಧಾನ."

ಅವರು ಸಹಿ ಮಾಡಿ ಕಡತ ವಾಪಸ್ ಕೊಡುತ್ತಾರೆ.